ಮಗಳಿಗೊಂದು ಪತ್ರ: ತಾತನ ಬೂಟು ಮತ್ತು ಹೊಂಗೆ ಬೀಜ

ಪುಟ್ಟಿ,

ಬೂಟಿನ ವಿಷಯಕ್ಕೆ ನೀನು ಇನ್ನೂ ಮುಖ ಊದಿಸಿಕೊಂಡೇ ಇದ್ದೀಯಂತೆ. ಬೆಳಿಗ್ಗೆ ಅಜ್ಜಿ ಫೋನಿನಲ್ಲಿ ಹೇಳಿದರು. ತಾತನೂ ಎರಡು ದಿನದಿಂದ ಸಪ್ಪಗಿದ್ದಾರಂತೆ. ನಾನೀಗ ರೈಲಿನಲ್ಲಿದ್ದೇನೆ. ಬಂಗಾರಪೇಟೆಯಲ್ಲಿ ಹತ್ತಿದಾಗ ಕಿಟಕಿ ಪಕ್ಕದ ಸೀಟು ಸಿಕ್ಕಿತು. ಸೀಟು ಸಿಕ್ಕ ದಿನ ನಿದ್ದೆ ಮಾಡಿಬಿಡುತ್ತೇನೆ, ನಿನಗೆ ಗೊತ್ತಲ್ಲ. ಇವತ್ತು ನಿದ್ದೆ ಬರಲಿಲ್ಲ. ನಿನ್ನ ಹಳೇ ರಫ್ ನೋಟ್‌ಬುಕ್ಕಿನಲ್ಲಿ ಉಳಿದಿರುವ ಹಾಳೆಗಳಲ್ಲಿ ಇದನ್ನು ಬರೆಯುತ್ತಿದ್ದೇನೆ. ಶನಿವಾರ ಮಾವ ಅಲ್ಲಿಗೆ ಬರುವಾಗ ಕೊಟ್ಟು ಕಳಿಸುತ್ತೇನೆ. ಒತ್ತಕ್ಷರ ಕಷ್ಟವಾದ ಕಡೆ ತಾತನ ಹತ್ತಿರ ಓದಿಸಿಕೋ.

ಭಾನುವಾರ ‘ವಾಲ್-ಈ’ ಸಿನಿಮಾ ಹಾಕಿದ್ದು ನಾನೇ. ನೀನು, ಚಿಕ್ಕಮ್ಮನ ಮಕ್ಕಳು ಬೇರೆ ಏನೋ ಕೇಳಿದಿರಿ. ನಾನು ಹಠ ಮಾಡಿ ಇದನ್ನೇ ಹಾಕಿದ್ದು ಅಜ್ಜಿಗಾಗಿ. ಅಜ್ಜಿಗೆ ಇಂಗ್ಲಿಷ್ ಬರುವುದಿಲ್ಲ. ಟೀವಿಯಲ್ಲಿ ಇಂಗ್ಲಿಷ್ ಸಿನಿಮಾ ಬಂದರೆ ಎದ್ದು ಅಡುಗೆಮನೆಗೆ ಹೋಗಿಬಿಡುತ್ತಾರೆ. 2008ರಲ್ಲಿ ಬಂದ ಈ ಸಿನಿಮಾದಲ್ಲಿ ಶುರುವಿನಿಂದ ತುಂಬಾ ಹೊತ್ತು ಮಾತೇ ಇಲ್ಲ. ಒಂದು ಪುಟ್ಟ ರೋಬೋ, ಒಂದು ಜಿರಳೆ, ಊರು ತುಂಬಾ ಕಸ. ಅಷ್ಟೇ. ನೋಡಿದರೆ ಸಾಕು, ಅರ್ಥವಾಗುತ್ತದೆ. ಅಜ್ಜಿ ಬೀನ್ಸ್ ಬಿಡಿಸುತ್ತಾ ಕೂತವರು ಬೀನ್ಸ್ ಮರೆತರು. ನೀನು ಗಮನಿಸಲಿಲ್ಲ ಅನ್ನಿಸುತ್ತದೆ, ನಾನು ಅರ್ಧ ಹೊತ್ತು ಟೀವಿ ಬಿಟ್ಟು ಅವರ ಮುಖವನ್ನೇ ನೋಡುತ್ತಿದ್ದೆ.

ಆ ರೋಬೋ ದಿನವಿಡೀ ಕಸವನ್ನು ಹೊಟ್ಟೆಗೆ ಹಾಕಿಕೊಂಡು, ಅದುಮಿ, ಇಟ್ಟಿಗೆ ಥರ ಮಾಡಿ ಒಂದರ ಮೇಲೊಂದು ಜೋಡಿಸುತ್ತಾನೆ. ಸಂಜೆ ಮನೆಗೆ ಬಂದು ಚಕ್ರದ ಪಟ್ಟಿ ಬಿಚ್ಚಿ ತೂಗು ಹಾಕುತ್ತಾನೆ. ಅದನ್ನು ನೋಡಿದ ಕೂಡಲೇ ಅಜ್ಜಿ ಅಂದರು, "ಇವ್ನು ನಿಮ್ಮ ತಾತನ ಥರಾನೇ. ಬಾಗಿಲಲ್ಲೇ ಬಿಚ್ಚಿಟ್ಟು ಒಳಗೆ ಬರ್ತಾನೆ." ತಾತ ಏನೂ ಹೇಳಲಿಲ್ಲ. ಆಮೇಲೆ ದೂರದಿಂದ ಆ ಕಸದ ಗೋಪುರಗಳನ್ನು ತೋರಿಸಿದರು. ಬಿಲ್ಡಿಂಗುಗಳಿಗಿಂತ ಎತ್ತರ. ನೀನು ಎದ್ದು ನಿಂತು ಕೂಗಿದೆ, "ತಾತ, ನಮ್ಮ ಸೈನೈಡ್ ದಿಬ್ಬ!"

ನಿಜ. ಬಣ್ಣ ಕೂಡ ಹಾಗೇ ಇತ್ತು. ರಾಬರ್ಟ್‌ಸನ್‌ಪೇಟೆಯ ತಾತನ ಮನೆಯ ತಾರಸಿಯಿಂದ ಸಂಜೆ ನೋಡಿದರೆ ಕೋಲಾರ ಚಿನ್ನದ ಗಣಿಯ ಆ ದಿಬ್ಬ ಹಾಗೇ ಕಾಣುತ್ತದೆ.

ಉಂಗುರ ಬಂದಾಗ ಎಲ್ಲರೂ ನಕ್ಕಿರಿ, ನೆನಪಿದೆಯಾ? ಕಸದಲ್ಲಿ ವಜ್ರದ ಉಂಗುರ ಸಿಗುತ್ತದೆ. ಅವನು ಉಂಗುರ ಎಸೆದು, ಅದರ ಪುಟ್ಟ ಡಬ್ಬಿಯನ್ನು ಮಾತ್ರ ಇಟ್ಟುಕೊಳ್ಳುತ್ತಾನೆ. ಮಕ್ಕಳೆಲ್ಲ "ಅಯ್ಯೋ ಪೆದ್ದು" ಅಂದಿರಿ. ತಾತ ಮಾತ್ರ, "ಇಲ್ಲ ಕಣ್ರೋ, ಅವನಿಗೆ ಬುದ್ಧಿ ಇದೆ" ಅಂದರು. ಸುಮ್ನೆ ಅಂದ ಮಾತಲ್ಲ ಅದು.

ಅಷ್ಟರಲ್ಲಿ ಕರೆಂಟ್ ಹೋಯಿತು. ಕತ್ತಲೆಯಲ್ಲಿ ತಾತ ತಮ್ಮ ಹಳೇ ಪಾಠ ಶುರು ಮಾಡಿದರು. ಶಿವನಸಮುದ್ರದಿಂದ 1902ರಲ್ಲೇ ಇಲ್ಲಿಗೆ ಕರೆಂಟ್ ಬಂತು, ಬೆಂಗಳೂರಿಗೆ ಬಂದದ್ದು ಆಮೇಲೆ, ಅಂತ. ನೀನು ಅದನ್ನು ಕೇಳುತ್ತಿರಲಿಲ್ಲ. ನನ್ನ ಸೆರಗು ಎಳೆದು ಕೇಳಿದೆ: "ಅಮ್ಮ, ಕಸ ಮಾಡಿದವರೆಲ್ಲ ಆಕಾಶದ ಹಡಗು ಹತ್ತಿ ಹೋಗ್ಬಿಟ್ರು. ಇವ್ನೊಬ್ನೇ ಯಾಕೆ ಕ್ಲೀನ್ ಮಾಡ್ಬೇಕು?"

ನಾನು "ಕರೆಂಟ್ ಬರಲಿ, ಗೊತ್ತಾಗುತ್ತೆ" ಅಂದೆ. ಕರೆಂಟ್ ಬಂತು, ಸಿನಿಮಾ ಮುಗಿಯಿತು. ನಿನಗೆ ಉತ್ತರ ಸಿಗಲಿಲ್ಲ. ಎರಡು ದಿನದಿಂದ ಆ ಪ್ರಶ್ನೆಯನ್ನು ಹೊತ್ತುಕೊಂಡೇ ಓಡಾಡುತ್ತಿದ್ದೇನೆ.

ಅದಕ್ಕೆ ಮೊದಲು ಬೂಟಿನ ಮಾತು ಹೇಳಿಬಿಡುತ್ತೇನೆ.

ಸಿನಿಮಾದಲ್ಲಿ ಅವನಿಗೆ ಒಂದು ಸಸಿ ಸಿಗುತ್ತದೆ, ಅದನ್ನು ಹಳೇ ಬೂಟಿನಲ್ಲಿ ಇಡುತ್ತಾನೆ. ನಿನಗೂ ಹಾಗೇ ಮಾಡಬೇಕು ಅನ್ನಿಸಿತು. ತಪ್ಪೇನಿಲ್ಲ. ಅಷ್ಟು ಹೊತ್ತಿಗೆ ನೀವು ಮೂವರೂ ರೋಬೋಗಳಾಗಿದ್ದಿರಿ. ನಾನು ಬಂಗಾರಪೇಟೆಯಿಂದ ತಂದಿದ್ದ ಪಾನಿಪುರಿಯ ಪ್ಲೇಟು, ಕವರು ಎಲ್ಲ ಎರಡು ಕೈಯಲ್ಲಿ ಅದುಮಿ ಇಟ್ಟಿಗೆ ಮಾಡುತ್ತಿದ್ದಿರಿ. ನೀನು ಅಂಗಳದಲ್ಲಿ ಬಿದ್ದಿದ್ದ ಹೊಂಗೆ ಕಾಯಿ ಒಡೆದು ಬೀಜ ತೆಗೆದೆ. ಆಮೇಲೆ ಅಟ್ಟದ ಮೇಲಿದ್ದ ತಾತನ ಬೂಟು ಕೇಳಿದೆ. ತಾತ "ಅದು ಬೇಡ, ಕುಂಡ ತಂದುಕೊಡ್ತೀನಿ" ಅಂದರು. ನೀನು ಅತ್ತೆ. ತಾತ ಎದ್ದು ಹೊರಗೆ ಹೋದರು.

ಆ ಬೂಟು ಹಾಕಿಕೊಂಡು ತಾತ ನೆಲದ ಕೆಳಗೆ ಇಳಿಯುತ್ತಿದ್ದರು. 1974ರಲ್ಲಿ ಗಣಿ ಕೆಲಸಕ್ಕೆ ಸೇರಿದವರು. ಅಲ್ಲಿನ ಗಣಿ 3 ಕಿಲೋಮೀಟರ್‌ಗಿಂತ ಜಾಸ್ತಿ ಆಳ. ನಮ್ಮ ಕಡೆ ಬೋರ್‌ವೆಲ್ ಸಾವಿರದ ಐನೂರು ಅಡಿ ಹೋಯಿತು ಅಂದರೆ ಎಲ್ಲರೂ ಬಾಯಿ ಮೇಲೆ ಕೈ ಇಟ್ಟುಕೊಳ್ಳುತ್ತಾರೆ. ಇದು ಅದರ ಆರು ಪಟ್ಟಿಗಿಂತ ಆಳ. ಅಷ್ಟು ಕೆಳಗೆ ಕಲ್ಲೇ ಬಿಸಿ ಇರುತ್ತದೆ. ಮೈಯೆಲ್ಲ ಬೆವರು, ಬೂಟಿನೊಳಗೂ ಬೆವರು. ಪಾಳಿ ಮುಗಿಸಿ ಬಂದರೆ ಬೂಟನ್ನು ಬಾಗಿಲ ಹೊರಗೆ ಬಿಡುತ್ತಿದ್ದರು. ಅದು ಹೊರಗೆ ಇದ್ದರೆ ಅಪ್ಪ ಮನೆಗೆ ಬಂದಿದ್ದಾರೆ ಅಂತ ಅರ್ಥ. ನಾನು ಸ್ಕೂಲಿನಿಂದ ಬರುವಾಗ ದೂರದಿಂದಲೇ ಮೊದಲು ಆ ಬೂಟು ಇದೆಯಾ ಅಂತ ನೋಡುತ್ತಿದ್ದೆ. ಕೆಳಗೆ ಕಲ್ಲು ಸಿಡಿದರೆ ಮೇಲೆ ಮನೆಯ ಪಾತ್ರೆ ಅಲುಗುತ್ತಿತ್ತು. ಅಂಥ ದಿನ ಬೂಟು ಕಾಣುವವರೆಗೆ ಅಜ್ಜಿ ಒಲೆ ಹಚ್ಚುತ್ತಿರಲಿಲ್ಲ.

2001ರ ಫೆಬ್ರವರಿ 28ಕ್ಕೆ ಗಣಿ ಮುಚ್ಚಿತು. ನಾನಾಗ ಒಂಬತ್ತನೇ ಕ್ಲಾಸು. ಮಾರನೇ ದಿನ ನನಗೆ ಎಚ್ಚರವೇ ಆಗಲಿಲ್ಲ, ಸ್ಕೂಲಿಗೆ ತಡವಾಯಿತು. ಪಾಳಿಯ ಸೈರನ್ ಕೇಳಿ ಏಳುವುದು ಅಭ್ಯಾಸವಾಗಿತ್ತು. ಅವತ್ತು ಅಪ್ಪ ಬೂಟನ್ನು ತೊಳೆದು, ಒಣಗಿಸಿ, ಎಣ್ಣೆ ಹಚ್ಚಿ ಅಟ್ಟಕ್ಕೆ ಏರಿಸಿದರು. ಅದರ ಮೇಲೆ ಇವತ್ತಿನವರೆಗೆ ಧೂಳು ನಿಲ್ಲಲು ಬಿಟ್ಟಿಲ್ಲ. ಸಿನಿಮಾದ ಬೂಟು ಯಾರೋ ಎಸೆದು ಹೋದದ್ದು. ಇದು ಹಾಗಲ್ಲ ಅಲ್ವಾ? ಅಷ್ಟೇ ವಿಷಯ. ನಿನ್ನ ಮೇಲೆ ಅವರಿಗೆ ಕೋಪ ಇಲ್ಲ.

ಟೇಕಲ್ ದಾಟಿತು. ಇಲ್ಲಿಂದ ಜನ ಜಾಸ್ತಿ ಹತ್ತುತ್ತಾರೆ, ಅಕ್ಷರ ಸೊಟ್ಟ ಬಂದರೆ ಅನುಸರಿಸಿಕೋ.

ಈಗ ದಿಬ್ಬ. ಅದು ಹೇಗೆ ಬೆಳೆಯಿತು ಅಂತ ನಿನಗೆ ಯಾರೂ ಬಿಡಿಸಿ ಹೇಳಿಲ್ಲ. ಕೆಳಗಿಂದ ತಂದ ಕಲ್ಲನ್ನು ಮಿಲ್ಲಿನಲ್ಲಿ ಹಾಕಿ ಪೌಡರಿನಷ್ಟು ನುಣ್ಣಗೆ ಅರೆಯುತ್ತಿದ್ದರು. ಅದಕ್ಕೆ ಸೈನೈಡ್ ಬೆರೆಸಿದ ನೀರು ಸೇರಿಸಿದರೆ, ಉಪ್ಪು ನೀರಿನಲ್ಲಿ ಕರಗುವ ಹಾಗೆ ಚಿನ್ನ ಅದರಲ್ಲಿ ಕರಗುತ್ತದೆ. ಆ ನೀರನ್ನು ಸೋಸಿ ಚಿನ್ನ ತೆಗೆಯುವುದು. ಉಳಿದ ಕೆಸರನ್ನು ಹೊರಗೆ ಸುರಿಯುವುದು. ಕೊನೆಯ ವರ್ಷಗಳಲ್ಲಿ ಒಂದು ಟನ್ ಕಲ್ಲು ಅರೆದರೆ ಮೂರ್ನಾಲ್ಕು ಗ್ರಾಂ ಚಿನ್ನ ಸಿಕ್ಕರೆ ದೊಡ್ಡದು. ನನ್ನ ಬೆರಳಿನ ಉಂಗುರ ಮೂರು ಗ್ರಾಂ. ಅಂದರೆ ಸಾವಿರ ಕೆಜಿ ಕಲ್ಲು ಅರೆದು, ಅದರಲ್ಲಿ ಇಷ್ಟು ಮಾತ್ರ ನನ್ನ ಬೆರಳಿಗೆ. ಮಿಕ್ಕದ್ದೆಲ್ಲ ದಿಬ್ಬಕ್ಕೆ. 1880ರ ಹೊತ್ತಿಗೆ ಶುರುವಾದ ಗಣಿ ಅದು. ಸುಮಾರು 120 ವರ್ಷದಲ್ಲಿ 800 ಟನ್ ಚಿನ್ನ ಹೋಯಿತು, ಇಲ್ಲಿ ಉಳಿದ ಪುಡಿ ಮೂರು ಕೋಟಿ ಟನ್‌ಗೂ ಜಾಸ್ತಿ. ಉಂಗುರ ಎಸೆದವನಿಗೆ ಬುದ್ಧಿ ಇದೆ ಅಂತ ತಾತ ಹೇಳಿದ್ದು ಇದಕ್ಕೇ.

ಸೈನೈಡ್ ಅಂದರೆ ವಿಷ ಅಂತ ನೀನು ರಾತ್ರಿ ಹೆದರಿದ್ದೆ. ಇಷ್ಟು ವರ್ಷದ ಬಿಸಿಲು ಗಾಳಿಗೆ ಸೈನೈಡ್ ಬಹಳಷ್ಟು ಒಡೆದು ಹೋಗುತ್ತದೆ. ಹೋಗದೇ ಇರುವುದು ಆ ನುಣ್ಣನೆ ಕಲ್ಲಿನ ಪುಡಿ. ಗಾಳಿ ಎದ್ದರೆ ಅದು ಊರಿನ ಮೇಲೆ ಬರುತ್ತದೆ. ಎದೆಗೆ ಒಳ್ಳೆಯದಲ್ಲ. ಅಜ್ಜಿ ತಾರಸಿಯ ಮೇಲೆ ಸಂಡಿಗೆ ಇಟ್ಟದ್ದನ್ನು ಯಾವತ್ತಾದರೂ ನೋಡಿದ್ದೀಯಾ? ಬೇಸಿಗೆಯಲ್ಲಿ ಹಿಟ್ಟು ಕಟ್ಟಿಕೊಂಡು ಬಂಗಾರಪೇಟೆಗೆ ಬಂದು, ನಮ್ಮ ತಾರಸಿಯಲ್ಲಿ ಇಟ್ಟು ಹೋಗುತ್ತಾರೆ. ಅವರಿಗೆ ಇಲ್ಲಿಯ ಬಿಸಿಲು ಇಷ್ಟ ಅಂದುಕೊಂಡಿದ್ದೆ ಅಲ್ವಾ?

ಸಿನಿಮಾದಲ್ಲಿ ನನಗೆ ಒಪ್ಪಿಗೆಯಾಗದೇ ಇದ್ದದ್ದು ಇದೊಂದೇ. ಅಲ್ಲಿ ಎಲ್ಲರೂ ಒಟ್ಟಿಗೆ ಹಡಗು ಹತ್ತುತ್ತಾರೆ. ಐದು ವರ್ಷಕ್ಕೆ ಅಂತ ಹೋದವರು 700 ವರ್ಷ ಬರುವುದಿಲ್ಲ. ಭೂಮಿ ಖಾಲಿ. ಖಾಲಿ ಊರಿನಲ್ಲಿ ಕಸದ ಗುಡ್ಡ ನೋಡಲು ಬೇಜಾರು ಅನ್ನಿಸುತ್ತದೆ, ಆದರೆ ಸುಲಭ. ನಿಜವಾದ ಗುಡ್ಡದ ಪಕ್ಕ ಯಾವಾಗಲೂ ಒಂದು ಮನೆ ಇರುತ್ತದೆ, ಪುಟ್ಟಿ. ಆ ಮನೆಯಲ್ಲಿ ಸಂಡಿಗೆ ಇಡಲು ಜಾಗವಿಲ್ಲದ ಒಬ್ಬ ಅಜ್ಜಿ ಇರುತ್ತಾರೆ. ಚಿನ್ನ ಹಾಕಿಕೊಂಡವರಿಗೆ ಆ ಅಜ್ಜಿ ಕಾಣುವುದಿಲ್ಲ. ನನಗೇ ಕಂಡಿರಲಿಲ್ಲ, ನನ್ನ ಸ್ವಂತ ಅಮ್ಮ ಅವರು. ಭಾನುವಾರ ನೀನು ಕೂಗಿದಾಗ ಉಂಗುರದ ಮೇಲೆ ಕಣ್ಣು ಹೋಯಿತು.

ನಿನ್ನ ಪ್ರಶ್ನೆಗೆ ನನ್ನ ಉತ್ತರ ಹೀಗಿದೆ. ಅವನೊಬ್ಬನೇ ಕ್ಲೀನ್ ಮಾಡಬೇಕಾಗಿರಲಿಲ್ಲ. ಚಿನ್ನ ಯಾರ ಯಾರ ಮನೆಗೆ ಹೋಯಿತೋ ಅವರೆಲ್ಲರ ಪಾಲೂ ಆ ದಿಬ್ಬದಲ್ಲಿದೆ. ಮೂರು ಗ್ರಾಮಿನಷ್ಟು ನನ್ನದೂ ಇದೆ. ದಿಬ್ಬದ ಪುಡಿಯಲ್ಲಿ ಇನ್ನೂ ಸ್ವಲ್ಪ ಚಿನ್ನ ಉಳಿದಿದೆಯಂತೆ, ಅದನ್ನು ಮತ್ತೆ ತೆಗೆಯುವ ಮಾತು 2024ರಲ್ಲೂ ನಡೆಯಿತು. ತೆಗೆಯಲಿ. ಆದರೆ ಈ ಸಲ ಚಿನ್ನದ ಲೆಕ್ಕ ಬರೆಯುವ ಪುಸ್ತಕದಲ್ಲೇ ಪುಡಿಯ ಲೆಕ್ಕವನ್ನೂ ಬರೆಯಬೇಕು. ಎಷ್ಟು ಮುಚ್ಚಿದಿರಿ, ಎಷ್ಟು ಹುಲ್ಲು ಹಿಡಿಯಿತು, ಎಷ್ಟು ಧೂಳು ನಿಂತಿತು ಅಂತ. ಊರಿನ ಸಭೆಯಲ್ಲಿ ಇದನ್ನು ಎದ್ದು ಕೇಳಬೇಕು ಅಂತ ನಾನು ನಿರ್ಧಾರ ಮಾಡಿದ್ದೇನೆ. ಇಷ್ಟು ವರ್ಷ ಕೇಳಿರಲಿಲ್ಲ.

ಹೋದವರು ಬರುವುದಿಲ್ಲ ಅಂತಲೂ ಅಂದುಕೊಳ್ಳಬೇಡ. ಈ ರೈಲನ್ನೇ ನೋಡು. ಮಾರಿಕುಪ್ಪಂನಿಂದ ಬೆಳಿಗ್ಗೆ ಹೊತ್ತು ಹುಟ್ಟುವ ಮೊದಲೇ ಹತ್ತಿದವರು ಎಷ್ಟು ಜನ. ಗಣಿ ಮುಚ್ಚಿದ ಮೇಲೆ ಹೊಟ್ಟೆಪಾಡಿಗೆ ಬೆಂಗಳೂರಿಗೆ ಹೋಗುತ್ತಾರೆ, ರಾತ್ರಿ ಮತ್ತೆ ಅದೇ ದಿಬ್ಬದ ಕೆಳಗೆ ಬಂದು ಮಲಗುತ್ತಾರೆ. ಎದುರು ಸೀಟಿನ ಅಣ್ಣ ಟಿಫನ್ ಬಾಕ್ಸ್ ತೊಡೆ ಮೇಲೆ ಇಟ್ಟುಕೊಂಡೇ ನಿದ್ದೆ ಹೋಗಿದ್ದಾರೆ.

ನೀರೂ ಬರುತ್ತದೆ ಗೊತ್ತಾ? ನಿಮ್ಮಪ್ಪನ ಜೊತೆ ನರಸಾಪುರ ಕೆರೆ ನೋಡಿದ್ದು ನೆನಪಿದೆಯಾ, ಬೆಳ್ಳಕ್ಕಿ ಎಣಿಸಿದೆಯಲ್ಲ? ಅದು ಮಳೆ ನೀರು ಮಾತ್ರ ಅಲ್ಲ. ಬೆಂಗಳೂರಿನ ಕೋರಮಂಗಲ, ಚಲ್ಲಘಟ್ಟ ಕಡೆಯ ಚರಂಡಿ ನೀರನ್ನು ಎರಡು ಹಂತದಲ್ಲಿ ಶುದ್ಧ ಮಾಡಿ ನಮ್ಮ ಜಿಲ್ಲೆಯ ಕೆರೆಗಳಿಗೆ ಪಂಪ್ ಮಾಡುತ್ತಾರೆ. 2018ರಲ್ಲಿ ಮೊದಲು ಲಕ್ಷ್ಮೀಸಾಗರ ಕೆರೆಗೆ ಬಂತು. ಶುರುವಿನಲ್ಲಿ ನೊರೆ ಬಂದು ಗಲಾಟೆಯಾಯಿತು, ಕೋರ್ಟಿಗೂ ಹೋಯಿತು. ಬತ್ತಿದ್ದ ಬಾವಿ, ಬೋರ್‌ವೆಲ್‌ಗಳಲ್ಲಿ ನೀರು ಬಂದಿದೆ ಅಂತ ರೈತರು ಸಂತೋಷಪಡುತ್ತಾರೆ. ಮೂರನೇ ಹಂತದ ಶುದ್ಧೀಕರಣ ಮಾಡಿ ಕೊಡಿ ಅಂತ ಹೋರಾಡುವವರೂ ಇದ್ದಾರೆ. ಅವರ ಮಾತೂ ನ್ಯಾಯವಾದದ್ದೇ. ನನ್ನ ಆಫೀಸು ಇರುವುದು ಕೋರಮಂಗಲದಲ್ಲಿ. ಮಧ್ಯಾಹ್ನ ಅಲ್ಲಿ ಡಬ್ಬಿ ತೊಳೆಯುವಾಗ, ಈ ನೀರು ಎಂದೋ ಒಂದು ದಿನ ನನ್ನ ಮಗಳು ಬೆಳ್ಳಕ್ಕಿ ಎಣಿಸುವ ಕೆರೆಗೆ ಹೋಗುತ್ತದೆ ಅನ್ನುವುದು ನೆನಪಾಗುತ್ತದೆ. ಸೋಪು ಕಡಿಮೆ ಹಾಕುತ್ತೇನೆ.

ವೈಟ್‌ಫೀಲ್ಡ್ ಬಂತು. ಇನ್ನು ಬರೆಯಲು ಆಗುವುದಿಲ್ಲ, ನಿಂತವರು ಮೈಮೇಲೇ ಬೀಳುತ್ತಿದ್ದಾರೆ.

ಗಾಳಿ ಜಾಸ್ತಿ ಇರುವ ದಿನ ಹಗ್ಗದ ಮೇಲಿನ ಬಟ್ಟೆ ತೆಗೆದು ಒಳಗೆ ಹಾಕು, ಅಜ್ಜಿಗೆ ಮೆಟ್ಟಿಲು ಹತ್ತಲು ಮಂಡಿನೋವು. ದಿಬ್ಬದ ಮೇಲೆ ಜಾರುವ ಆಟಕ್ಕೆ ತಮ್ಮಂದಿರು ಕರೆದರೆ ಹೋಗಬೇಡ, ಅವರನ್ನೂ ಬಿಡಬೇಡ. ತಾತನ ಹತ್ತಿರ ಹೋಗಿ ಬೂಟು ಕೇಳಬೇಡ. ಅದನ್ನು ಹಾಕಿಕೊಂಡು ಮೊದಲ ದಿನ ಕೆಳಗೆ ಇಳಿದ ಕಥೆ ಕೇಳು. ನನಗೂ ಪೂರ್ತಿ ಹೇಳಿಲ್ಲ, ನಿನಗೆ ಹೇಳಬಹುದು.

ಹೊಂಗೆ ಬೀಜವನ್ನು ಬಚ್ಚಲುಮನೆಯ ಹಿಂದಿರುವ ಹಳೇ ಪೇಂಟ್ ಡಬ್ಬದಲ್ಲಿ ಹಾಕು. ಡಬ್ಬವನ್ನು ಚೆನ್ನಾಗಿ ತೊಳೆದು, ತಳಕ್ಕೆ ತಾತನ ಕೈಯಲ್ಲೇ ಮೊಳೆ ಹೊಡೆಸಿ ಮೂರು ತೂತು ಮಾಡಿಸು. ಬೀಜ ಬೆರಳಿನ ಒಂದು ಗೆಣ್ಣಿನಷ್ಟು ಆಳಕ್ಕೆ ಸಾಕು. ನೀರು ದಿನಕ್ಕೆ ಒಂದೇ ಲೋಟ, ಜಾಸ್ತಿ ಹಾಕಿದರೆ ಕೊಳೆಯುತ್ತದೆ. ಮೊಳಕೆ ಬರಲು ಎರಡು ವಾರ ಆಗಬಹುದು, ಮಧ್ಯೆ ಮಧ್ಯೆ ಕೆದಕಿ ನೋಡಬೇಡ.

ಭಾನುವಾರ ಬರುತ್ತೇನೆ. ಪಾನಿಪುರಿ ತರುತ್ತೇನೆ, ಈ ಸಲ ಮನೆಯಿಂದ ಸ್ಟೀಲ್ ಡಬ್ಬಿ ತೆಗೆದುಕೊಂಡು ಹೋಗಿ.

ನಿನ್ನ
ಅಮ್ಮ