ಆಷಾಢದ ಗಾಳಿ ಇಲ್ಲದ ವರದಿ

ಪುಣೆ
16 ಜನವರಿ 2026

ಇವರಿಗೆ,
ವ್ಯವಸ್ಥಾಪಕರು,
ಪರಿಸರ ಸಲಹಾ ಸಂಸ್ಥೆ,
ಶಿವಾಜಿನಗರ, ಪುಣೆ

ವಿಷಯ: ನಮ್ಮೂರ ಗುಡ್ಡದ ಕ್ವಾರ್ಟ್ಸ್ (ಬೆಣಚುಕಲ್ಲು) ಗಣಿ ಬಗ್ಗೆ ನೀವು ಕೊಟ್ಟ ಪರಿಶೀಲನಾ ವರದಿಯಲ್ಲಿನ ಲೋಪಗಳು, ಒಪ್ಪಿದ ಕೆಲಸ ಮುಗಿಸಿಕೊಡುವುದು ಅಥವಾ ಹಣ ವಾಪಸ್ ಮಾಡುವುದು.

ಮಾನ್ಯರೇ,

ನಮಸ್ಕಾರ. ನೀವು ಧಾರವಾಡದ ಕಡೆಯವರು. ಮೊದಲ ದಿನ ನಿಮ್ಮ ಕಚೇರಿಯಲ್ಲಿ ಕೂತು ಮಾತಾಡಿದ್ದೆಲ್ಲ ಕನ್ನಡದಲ್ಲೇ. ಅದಕ್ಕೇ ಈ ಪತ್ರವನ್ನೂ ಕನ್ನಡದಲ್ಲಿ ಬರೆಯುತ್ತಿದ್ದೇನೆ. ಇದರ ಒಂದು ಪ್ರತಿ ಊರಿನ ಪಂಚಾಯಿತಿಗೂ ಹೋಗುತ್ತದೆ. ಅಲ್ಲಿಯವರೂ ಓದಬೇಕು.

ಕುಷ್ಟಗಿ ತಾಲ್ಲೂಕಿನ ನಮ್ಮೂರಿನ 41 ಮನೆಯವರು ಪುಣೆಯಲ್ಲಿದ್ದೇವೆ. ಕೆಲವರು ಚಾಕಣದ ಫ್ಯಾಕ್ಟರಿಗಳಲ್ಲಿ, ಕೆಲವರು ಪೇಂಟಿಂಗ್ ಕೆಲಸದಲ್ಲಿ, ಮೂರು ಜನ ಹಡಪ್ಸರದಲ್ಲಿ ವಾಚ್‌ಮನ್. ನಾನು ಬ್ಯಾಂಕಿನಲ್ಲಿ ಗುಮಾಸ್ತ. ಊರ ಗುಡ್ಡದಲ್ಲಿ 12 ಹೆಕ್ಟೇರ್ ತೆರೆದ ಗಣಿ ಮಾಡುತ್ತಾರೆ ಎಂಬ ಸುದ್ದಿ ಬಂದಾಗ ಮನೆಗಿಷ್ಟು ಅಂತ ಹಾಕಿ 1,60,000 ರೂಪಾಯಿ ಕೂಡಿಸಿದೆವು. ಗಣಿ ಕಂಪನಿ ಮಾಡಿಸಿದ ಪರಿಸರ ಪರಿಣಾಮ ಅಧ್ಯಯನದ ಕರಡನ್ನು ಒಬ್ಬ ಬಲ್ಲವರು ಓದಿ, ಊರಿಗೆ ಹೋಗಿ ಬೇರೆಯಾಗಿ ಅಳೆದು, ಯಾವುದು ನಿಜ ಯಾವುದು ಅಲ್ಲ ಅಂತ ಹೇಳಲಿ ಎಂಬುದಷ್ಟೇ ನಮ್ಮ ಆಸೆ. ಅದಕ್ಕಾಗಿ ನಿಮ್ಮನ್ನು ಹಿಡಿದೆವು. 1,20,000 ಮುಂಗಡ ಕೊಟ್ಟೆವು. ಗಣಿ ಬೇಡವೇ ಬೇಡ ಎಂದು ಬರೆದುಕೊಡಿ ಅಂತ ನಾವು ಯಾವತ್ತೂ ಕೇಳಲಿಲ್ಲ. ಸರಿಯಾಗಿ ನೋಡಿ ಅಂತ ಕೇಳಿದೆವು.

ಸಂಕ್ರಾಂತಿಯ ದಿನ ಭೋಸರಿಯಲ್ಲಿ ನಮ್ಮವರ ಮನೆಯ ಟೆರೇಸ್ ಮೇಲೆ ಎಲ್ಲರೂ ಸೇರಿದ್ದೆವು. ಸಜ್ಜೆ ರೊಟ್ಟಿ, ಬದನೆಕಾಯಿ ಪಲ್ಯ ಆದಮೇಲೆ ನಿಮ್ಮ ವರದಿ ತೆಗೆದು ಒಂದೊಂದೇ ಪುಟ ಓದಿ, ಕನ್ನಡದಲ್ಲಿ ಹೇಳುತ್ತಾ ಹೋದೆ. 34ನೇ ಪುಟಕ್ಕೆ ಬಂದಾಗ ನಿಲ್ಲಿಸಬೇಕಾಯಿತು. ಅಲ್ಲಿ ನಮ್ಮೂರಿನ ಮಣ್ಣು ಜಂಬಿಟ್ಟಿಗೆ ಅಂತಿದೆ. ವರ್ಷಕ್ಕೆ 3,000 ಮಿಲಿಮೀಟರ್ ಮಳೆ ಅಂತಿದೆ. ಗುಡ್ಡದ ಬುಡದಲ್ಲಿ ಗೋಡಂಬಿ, ಹಲಸು ಬೆಳೆಯುತ್ತದೆ ಅಂತಿದೆ.

ಸರ್, ಅದು ಗೋವಾದ ಮಳೆ, ಗೋವಾದ ಮಣ್ಣು. ನಮ್ಮದು ಮಸಾರಿ ಹೊಲ. 600 ಮಿಲಿಮೀಟರ್ ಆಸುಪಾಸು ಮಳೆ ಬಿದ್ದರೆ ಆ ವರ್ಷ ಒಳ್ಳೆಯದು ಅನ್ನುತ್ತೇವೆ. ಸಜ್ಜೆ, ತೊಗರಿ, ಶೇಂಗಾ ಬೆಳೆಯುತ್ತೇವೆ. ಇನ್ನಾವುದೋ ಗಣಿಗೆ ಬರೆದ ಪುಟ ನಮ್ಮ ವರದಿಯೊಳಗೆ ಬಂದು ಕೂತಿದೆ. ಟೆರೇಸ್ ಮೇಲೆ ಯಾರೂ ಮಾತಾಡಲಿಲ್ಲ. ವಾಚ್‌ಮನ್ ಕೆಲಸದ ನಮ್ಮ ಕಾಕಾ ಮಾತ್ರ, "ಅವರು ನಮ್ಮೂರಿಗೆ ಹೋಗಿದ್ದರಾ?" ಅಂತ ಕೇಳಿದರು. ಹೋಗಿದ್ದರು. ಡಿಸೆಂಬರ್ 6ರಂದು, ಒಂದು ದಿನ. ನಿಮ್ಮ ಹುಡುಗರು ಬೆಳಿಗ್ಗೆ ಹನ್ನೊಂದಕ್ಕೆ ಬಂದು ಸಂಜೆ ಏಳಕ್ಕೆ ಹೊರಟರು ಎಂದು ನನ್ನ ತಮ್ಮ ಹೇಳುತ್ತಾನೆ. ಊಟ ಹಾಕಿದವನೂ ಅವನೇ.

ಆ ಎಂಟು ಗಂಟೆಯಲ್ಲಿ ಶಾಲೆಯ ಮಾಳಿಗೆ ಮೇಲೆ ಒಂದೇ ಕಡೆ ಯಂತ್ರ ಇಟ್ಟು ಗಾಳಿ ಅಳೆದಿದ್ದಾರೆ. ಒಪ್ಪಂದದಲ್ಲಿ ಇದ್ದದ್ದು ಮೂರು ಕಡೆ, ತಲಾ 24 ಗಂಟೆ. ಪಿಎಂ 10, ಅಂದರೆ ಉಸಿರಿನೊಂದಿಗೆ ಒಳಹೋಗುವಷ್ಟು ಸಣ್ಣ ಧೂಳು, ಘನ ಮೀಟರಿಗೆ 62 ಮೈಕ್ರೋಗ್ರಾಂ ಬಂತು, ಮಿತಿ 100, ಆದ್ದರಿಂದ ಚಿಂತೆ ಇಲ್ಲ ಎಂದು ಬರೆದಿದ್ದೀರಿ. ಆ 100 ಎಂಬುದು 24 ಗಂಟೆಯ ಸರಾಸರಿಗೆ ಇರುವ ಮಿತಿ. ಎಂಟು ಗಂಟೆಯ ಅಳತೆಯನ್ನು ಅದರ ಪಕ್ಕ ಇಡುವುದು ಸರಿಯಲ್ಲ, ಇದು ನಿಮಗೆ ನನಗಿಂತ ಚೆನ್ನಾಗಿ ಗೊತ್ತು. ಇನ್ನೊಂದು ಮಾತು: ಆ ದಿನ ಗುಡ್ಡದಲ್ಲಿ ಇನ್ನೂ ಒಂದು ಕಲ್ಲೂ ಒಡೆದಿರಲಿಲ್ಲ. ಗಣಿ ಶುರುವಾದ ಮೇಲೆ ಎಷ್ಟು ಸೇರುತ್ತದೆ ಎಂಬ ಲೆಕ್ಕವೇ ವರದಿಯಲ್ಲಿ ಇಲ್ಲ.

ಅದಕ್ಕಿಂತ ದೊಡ್ಡ ವಿಷಯ ಬೇರೆ ಇದೆ. ಧೂಳು ಎಷ್ಟು ಎಂದು ಕೇಳಿದಿರಿ, ಎಂಥ ಧೂಳು ಎಂದು ಕೇಳಲಿಲ್ಲ. ಬೆಣಚುಕಲ್ಲು ಅಂದರೆ ಸಿಲಿಕಾ. ಧೂಳಿನಲ್ಲಿ ಸಿಲಿಕಾ ಎಷ್ಟಿದೆ ಎಂದು ಬೇರೆಯಾಗಿ ಪರೀಕ್ಷೆ ಮಾಡಿಸುತ್ತೇವೆ ಎಂದು ನೀವೇ ಕೊಟೇಶನ್‌ನಲ್ಲಿ ಬರೆದಿದ್ದಿರಿ, ಅದಕ್ಕೆ ಬೇರೆ ದರವನ್ನೂ ಹಾಕಿದ್ದಿರಿ. ವರದಿಯಲ್ಲಿ ಸಿಲಿಕಾ ಎಂಬ ಪದ ಒಮ್ಮೆಯೂ ಇಲ್ಲ. 2009ರ ರಾಷ್ಟ್ರೀಯ ಗಾಳಿ ಗುಣಮಟ್ಟದ ಪಟ್ಟಿಯಲ್ಲಿ 12 ವಸ್ತುಗಳಿವೆ, ಅದರಲ್ಲಿ ಸಿಲಿಕಾ ಇಲ್ಲ, ಅದು ನಿಜ. ಪಟ್ಟಿಯಲ್ಲಿಲ್ಲ ಎಂದರೆ ಪುಪ್ಪುಸಕ್ಕೆ ಹೋಗುವುದಿಲ್ಲ ಅಂತಲ್ಲ. ಕ್ಯಾಲಿಫೋರ್ನಿಯಾ ರಾಜ್ಯ 2005ರಲ್ಲೇ ಇದಕ್ಕೊಂದು ಗೆರೆ ಎಳೆದಿದೆ: ಊರಿನ ಜನ ವರ್ಷಗಟ್ಟಲೆ ಉಸಿರಾಡುವ ಗಾಳಿಯಲ್ಲಿ ಈ ಸಣ್ಣ ಸಿಲಿಕಾ ಘನ ಮೀಟರಿಗೆ 3 ಮೈಕ್ರೋಗ್ರಾಂ ದಾಟಬಾರದು. ನಿಮ್ಮ 62ರಲ್ಲಿ ಹತ್ತನೇ ಒಂದು ಪಾಲು ಸಿಲಿಕಾ ಇದ್ದರೂ ಅದು 6 ಆಯಿತು. ಲೆಕ್ಕ ಒರಟು, ಒಪ್ಪುತ್ತೇನೆ. ಸರಿಯಾದ ಲೆಕ್ಕ ಮಾಡಲಿ ಅಂತಲೇ ಅಲ್ವಾ ನಿಮಗೆ ಹಣ ಕೊಟ್ಟಿದ್ದು?

ನನ್ನ ಸೋದರಮಾವ ಬೆಣಚುಕಲ್ಲು ಪುಡಿ ಮಾಡುವ ಗಿರಣಿಯಲ್ಲಿ ಏಳು ವರ್ಷ ದುಡಿದ. ಹಬ್ಬಕ್ಕೆ ಬಂದಾಗ ಎರಡು ಸಲ ತಲೆಗೆ ನೀರು ಹಾಕಿಕೊಂಡರೂ ಕಿವಿಯ ಮಡಿಕೆಯಲ್ಲಿ, ಹುಬ್ಬಿನ ಬುಡದಲ್ಲಿ ಬಿಳಿ ಪುಡಿ ಹಾಗೇ ಉಳಿದಿರುತ್ತಿತ್ತು. ನಾವು ಚಿಕ್ಕವರು, ಅದನ್ನು ಬೆರಳಿನಿಂದ ಒರೆಸಿ ಆಟವಾಡುತ್ತಿದ್ದೆವು. ಮೊದಲು ಟಿ.ಬಿ. ಅಂದರು. ಆರು ತಿಂಗಳು ಗುಳಿಗೆ ನುಂಗಿದ, ಕೆಮ್ಮು ಹೋಗಲಿಲ್ಲ. ಆಮೇಲೆ ಸಿಲಿಕೋಸಿಸ್ ಅಂದರು. ಕಲ್ಲಿನ ಚೂರು ಪುಪ್ಪುಸದ ತಳಕ್ಕೆ ಇಳಿದು ಅಲ್ಲೇ ಗಾಯ ಮಾಡಿ ಗಟ್ಟಿಯಾಗುತ್ತದೆ. ಕೆಲಸ ಬಿಟ್ಟರೂ ರೋಗ ಬೆಳೆಯುವುದು ನಿಲ್ಲುವುದಿಲ್ಲ, ವಾಸಿ ಮಾಡುವ ಔಷಧಿಯೂ ಇಲ್ಲ. ಕಡೆಯ ವರ್ಷ ಮಾವ ಮಲಗಲಿಲ್ಲ. ಅಂಗಳದಲ್ಲಿ ಹೊರಸು ಹಾಕಿಸಿಕೊಂಡು, ಎರಡು ತಲೆದಿಂಬನ್ನು ಎದೆಗೆ ಅವಚಿಕೊಂಡು, ರಾತ್ರಿಯೆಲ್ಲ ಮುಂದಕ್ಕೆ ಬಾಗಿ ಕೂತಿರುತ್ತಿದ್ದ. ಅವನಿಗೆ ಆಗ 39 ವರ್ಷ. ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗ ಈ ಸಿಲಿಕಾ ಧೂಳನ್ನು 1997ರಲ್ಲೇ ಕ್ಯಾನ್ಸರ್ ತರುವ ವಸ್ತುಗಳ ಮೊದಲ ಗುಂಪಿಗೆ ಸೇರಿಸಿದೆ. ನಮ್ಮ ದೇಶದ ಕಾನೂನಿನಲ್ಲೂ ಗಣಿ ಕೆಲಸಗಾರರಲ್ಲಿ ಸಿಲಿಕೋಸಿಸ್ ಕಂಡರೆ ಸರ್ಕಾರಕ್ಕೆ ತಿಳಿಸಲೇಬೇಕು ಎಂದಿದೆ. ಇಷ್ಟೆಲ್ಲ ಇದ್ದೂ, ಕ್ವಾರ್ಟ್ಸ್ ಗಣಿಯ ವರದಿಯಲ್ಲಿ ಸಿಲಿಕಾ ಬಗ್ಗೆ ಒಂದು ಸಾಲೂ ಇಲ್ಲದಿರುವುದು ಹೇಗೆ?

ಇನ್ನು ಗಾಳಿಯ ದಿಕ್ಕು. ಇದು ನಮ್ಮ ದೂರಿನ ಮುಖ್ಯ ಭಾಗ, ದಯವಿಟ್ಟು ನಿಧಾನವಾಗಿ ಓದಿ. ಗುಡ್ಡ ಊರಿನ ನೈಋತ್ಯಕ್ಕಿದೆ. ಕಂಪನಿಯವರು ಗಾಳಿ ಅಳೆದದ್ದು ಅಕ್ಟೋಬರ್‌ನಿಂದ ಡಿಸೆಂಬರ್. ನೀವು ಅಳೆದದ್ದೂ ಡಿಸೆಂಬರ್. ಆಗ ನಮ್ಮಲ್ಲಿ ಮೂಡಣ ಗಾಳಿ. ಧೂಳು ಊರು ಬಿಟ್ಟು ಆಚೆಗೆ ಹೋಗುತ್ತದೆ. ಆಷಾಢದಲ್ಲಿ ಬಂದು ನೋಡಿ. ನಮ್ಮ ಕಡೆ ಆ ತಿಂಗಳು ಮಳೆಗಿಂತ ಗಾಳಿಯೇ ಜಾಸ್ತಿ. ಗುಡ್ಡದ ಕಡೆಯಿಂದ ನೇರ ಊರೊಳಕ್ಕೆ ನುಗ್ಗುತ್ತದೆ. ಹಗಲೂ ರಾತ್ರಿ ತಗಡು ಬಡಿದುಕೊಳ್ಳುತ್ತದೆ, ಒಣಹಾಕಿದ ಬಟ್ಟೆ ಪಕ್ಕದ ಓಣಿಯಲ್ಲಿ ಸಿಗುತ್ತದೆ. ಅವ್ವ ರೊಟ್ಟಿ ಮಾಡುವಾಗ ಪಡುವಣ ಬಾಗಿಲು ಹಾಕಿ ಗೋಣಿಚೀಲ ಒತ್ತುತ್ತಾಳೆ, ಆದರೂ ಹಿಟ್ಟಿನಲ್ಲಿ ಮರಳು ಕರಕರ ಅನ್ನುತ್ತದೆ. ನಿಮಗೂ ಇದು ಹೊಸದಲ್ಲ. ಮಳೆಗಾಲ ಬಿಟ್ಟು ಒಂದು ಋತುವಿನ ಅಳತೆ ಸಾಕು ಎಂದು ನಿಯಮ ಇರಬಹುದು. ಡಿಸೆಂಬರ್‌ನಲ್ಲಿ ಆಷಾಢವನ್ನು ಅಳೆಯಲು ಆಗುವುದಿಲ್ಲ ಎಂಬುದೂ ನಮಗೆ ಅರ್ಥವಾಗುತ್ತದೆ. "ಗುಡ್ಡದಿಂದ ಊರಿನತ್ತ ಗಾಳಿ ಬೀಸುವ ತಿಂಗಳುಗಳ ಅಳತೆ ಇಲ್ಲಿಲ್ಲ, ಅದಿಲ್ಲದೆ ತೀರ್ಮಾನ ಮಾಡಬಾರದು" ಎಂಬ ಒಂದು ಸಾಲು ಬರೆಯಲು ಯಾವ ಯಂತ್ರವೂ ಬೇಕಿರಲಿಲ್ಲ. ಊರಿನ ಯಾವ ಮುದುಕಿಯನ್ನು ಕೇಳಿದ್ದರೂ ಹೇಳುತ್ತಿದ್ದಳು.

ನೀರಿನ ವಿಷಯ. ಗುಡ್ಡದ ಬುಡದಲ್ಲಿ 42 ಅಡಿಯ ತೆರೆದ ಬಾವಿ ಇದೆ. ಮೆಟ್ಟಿಲಿಳಿದು ಹೋದರೆ ಎಡಗಡೆಯ ಬಂಡೆಯಲ್ಲಿ ಅಂಗೈ ಅಗಲದ ಬಿಳಿ ಪಟ್ಟೆ ಕಾಣುತ್ತದೆ. ಅದೇ ಬೆಣಚು, ಗುಡ್ಡದಿಂದ ಇಳಿದು ಬಂದ ಎಳೆ. ನೀರು ಜಿನುಗುವುದು ಆ ಪಟ್ಟೆಯ ಬಿರುಕಿನಿಂದಲೇ, ಸುತ್ತಲಿನ ಕರಿಬಂಡೆ ಒಣಗಿರುತ್ತದೆ. ಕಂಪನಿ 30 ಮೀಟರ್ ಆಳಕ್ಕೆ ಅಗೆಯುತ್ತದಂತೆ. ಅದೇ ಎಳೆಯನ್ನು ಮೇಲುಗಡೆ ಕಡಿದು ಗುಂಡಿ ಮಾಡಿ ನೀರು ಹೊರಗೆ ಪಂಪ್ ಮಾಡಿದರೆ ಬಾವಿಗೆ ಏನು ಉಳಿಯುತ್ತದೆ? "ಗಣಿ ಅಂತರ್ಜಲವನ್ನು ಮುಟ್ಟುವುದಿಲ್ಲ" ಎಂಬ ಕಂಪನಿಯ ಮಾತನ್ನು ನೀವು ಹಾಗೇ ಒಪ್ಪಿದ್ದೀರಿ. ಆ ಮಾತು ನಿಂತಿರುವುದು ಮೂರು ಕಿಲೋಮೀಟರ್ ದೂರದ ಒಂದು ಬೋರ್‌ವೆಲ್ಲಿನ ಮೇಲೆ. ಈ ಬಾವಿಯೊಳಕ್ಕೆ ನಿಮ್ಮವರು ಇಳಿಯಲೇ ಇಲ್ಲ. ಐದು ಬಾವಿಗಳ ನೀರು ಪರೀಕ್ಷೆ ಆಗಬೇಕಿತ್ತು, ಆದದ್ದು ಎರಡು, ಅವೂ ರಸ್ತೆ ಪಕ್ಕದವು.

ಈ ಬಾವಿ ಯಾಕೆ ಇಷ್ಟು ಮುಖ್ಯ ಅಂತ ಕೇಳಬಹುದು. ನಮ್ಮ ಕಡೆ ಬೋರ್ ಕೊರೆದರೆ ಫ್ಲೋರೈಡ್. ಕುಡಿಯುವ ನೀರಿಗೆ ಲೀಟರಿಗೆ 1 ಮಿಲಿಗ್ರಾಂ, ಬೇರೆ ನೀರೇ ಇಲ್ಲದಿದ್ದರೆ 1.5 ಮಿಲಿಗ್ರಾಂವರೆಗೆ ಎಂದು ಭಾರತೀಯ ಮಾನಕ ಹೇಳುತ್ತದೆ. ಕುಷ್ಟಗಿ ತಾಲ್ಲೂಕಿನಲ್ಲಿ ಹಲ್ಲು ಕಂದಾದ ಮಕ್ಕಳನ್ನು ಹುಡುಕಬೇಕಾಗಿಲ್ಲ. ಈ ಬಾವಿಯ ನೀರು ಸಿಹಿ. ಅರ್ಧ ಊರು ಕುಡಿಯುವುದು ಇದನ್ನೇ. ಬಾವಿ ಬತ್ತಿದರೆ ಜನ ಬೋರಿಗೆ ಹೋಗುತ್ತಾರೆ. ಹಾಗಾಗಿ ನಿಮ್ಮ ನೀರಿನ ಪಟ್ಟಿಯಲ್ಲಿ ಮೊದಲು ಇರಬೇಕಾಗಿದ್ದದ್ದು ಫ್ಲೋರೈಡ್. ಪಟ್ಟಿಯಲ್ಲಿ ಅದು ಇಲ್ಲವೇ ಇಲ್ಲ.

ಧೂಳು ಅಡಗಿಸಲು ದಿನಕ್ಕೆ 15,000 ಲೀಟರ್ ನೀರು ಚಿಮುಕಿಸುತ್ತೇವೆ ಎಂದು ಕಂಪನಿ ಬರೆದಿದೆ, ನೀರಿನ ಮೂಲ ಎಂಬ ಜಾಗ ಖಾಲಿ ಬಿಟ್ಟಿದೆ. ನೀವೂ ಖಾಲಿ ಬಿಟ್ಟಿದ್ದೀರಿ.

ಗುಡ್ಡದ ಕುರುಚಲು ಕಾಡನ್ನು ಪಾಳುಭೂಮಿ ಅಂದಿದ್ದೀರಿ. ಅಲ್ಲಿ ನಮ್ಮವರು ಕುರಿ ಮೇಯಿಸುತ್ತಾರೆ, ತೋಳವೂ ಇದೆ. ಕುರಿಗಾಹಿಗಳಿಗೆ ಅದರ ಗವಿ ಎಲ್ಲಿದೆ ಎಂಬುದೂ ಗೊತ್ತು. ನಮ್ಮ ಕೊಪ್ಪಳ ಜಿಲ್ಲೆಯ ಬಂಕಾಪುರದಲ್ಲಿ ತೋಳಕ್ಕೆಂದೇ ವನ್ಯಧಾಮ ಮಾಡಿದ್ದಾರೆ. 1972ರ ವನ್ಯಜೀವಿ ಕಾಯ್ದೆಯ ಮೊದಲ ಪಟ್ಟಿಯಲ್ಲಿರುವ ಪ್ರಾಣಿ ಅದು.

ಕಾನೂನಿನ ಅಧ್ಯಾಯ ಹಳೆಯದು. ಕ್ವಾರ್ಟ್ಸ್ ಅನ್ನು ಉಪಖನಿಜ, ಅಂದರೆ ರಾಜ್ಯ ಸರ್ಕಾರವೇ ನಿಯಮ ಮಾಡುವ ಖನಿಜ, ಎಂದು ಬರೆದಿದ್ದೀರಿ. 2015ರ ಫೆಬ್ರವರಿಯಲ್ಲಿ ಹಾಗೆ ಮಾಡಿದ್ದು ನಿಜ, ಆದರೆ 20 ಫೆಬ್ರವರಿ 2025ರ ಅಧಿಸೂಚನೆಯಲ್ಲಿ ಕೇಂದ್ರ ಸರ್ಕಾರ ಅದನ್ನು ಮತ್ತೆ ಪ್ರಧಾನ ಖನಿಜ ಮಾಡಿದೆ. ನಮ್ಮ ಚಾಕಣದ ಹುಡುಗ ಇದನ್ನು ಫೋನಿನಲ್ಲಿ ಹತ್ತು ನಿಮಿಷದಲ್ಲಿ ಹುಡುಕಿದ.

ಸಾರ್ವಜನಿಕ ಅಹವಾಲು ಸಭೆ ಫೆಬ್ರವರಿ 18ಕ್ಕೆ ಎಂದು ಪೇಪರಿನಲ್ಲಿ ನೋಟಿಸ್ ಬಂದಿದೆ. ಅಂದು ಅಲ್ಲಿ ಹೇಳಿದ್ದು ಮತ್ತು ಬರೆದುಕೊಟ್ಟದ್ದು ದಾಖಲೆಗೆ ಹೋಗುತ್ತದೆ. ನಿಮ್ಮ ಈಗಿನ ವರದಿಯನ್ನು ನಾವು ಅಲ್ಲಿ ಇಟ್ಟರೆ ಕಂಪನಿಯವರು, "ನೋಡಿ, ಊರಿನವರು ಕರೆಸಿದ ತಜ್ಞರೇ ಚಿಂತೆ ಇಲ್ಲ ಅಂದಿದ್ದಾರೆ" ಎನ್ನುತ್ತಾರೆ. ನಮ್ಮ ದುಡ್ಡಿನಲ್ಲಿ ನಮ್ಮ ಊರಿಗೇ ಕೆಡುಕು ಮಾಡಿದಂತಾಗುತ್ತದೆ. ಇದನ್ನು ಬರೆಯುವಾಗ ಕೈ ನಡುಗುತ್ತಿದೆ, ಸುಮ್ನೆ ಹೇಳುತ್ತಿಲ್ಲ.

ಆದ್ದರಿಂದ ನಮ್ಮ ಬೇಡಿಕೆ ಇದು. ಈಗಿನ ವರದಿಯನ್ನು ಹಿಂಪಡೆದಿದ್ದೇವೆ ಎಂದು ಜನವರಿ 23ರೊಳಗೆ ಬರೆದುಕೊಡಿ. ತಿಂಗಳ ಕೊನೆಯೊಳಗೆ ಮತ್ತೆ ಊರಿಗೆ ಹೋಗಿ ಮೂರು ಕಡೆ 24 ಗಂಟೆ ಗಾಳಿ ಅಳೆಯಿರಿ, ಧೂಳಿನಲ್ಲಿನ ಸಿಲಿಕಾ ಪರೀಕ್ಷೆ ಮಾಡಿಸಿ, ಐದೂ ಬಾವಿಗಳ ನೀರನ್ನು ಫ್ಲೋರೈಡ್ ಸೇರಿಸಿ ನೋಡಿ, ಗುಡ್ಡದ ಬುಡದ ಬಾವಿಗೆ ಇಳಿದು ನೀರಿನ ಮಟ್ಟ ಗುರುತಿಸಿ. ಆಷಾಢದ ಗಾಳಿಯ ಅಳತೆ ಇಲ್ಲ ಎಂಬುದನ್ನು ಮೊದಲ ಪುಟದಲ್ಲೇ ಬರೆಯಿರಿ. ಒಪ್ಪಂದದಲ್ಲಿದ್ದ ಕನ್ನಡದ ಸಾರಾಂಶ ಫೆಬ್ರವರಿ 10ರೊಳಗೆ ಪಂಚಾಯಿತಿಗೆ ತಲುಪಬೇಕು. ಇಷ್ಟು ಆದರೆ ಉಳಿದ 40,000 ರೂಪಾಯಿ ಅದೇ ದಿನ ಕೊಡುತ್ತೇವೆ.

ಆಗುವುದಿಲ್ಲ ಎಂದರೆ 1,20,000 ಪೂರ್ತಿ ವಾಪಸ್ ಮಾಡಿ. ಬೇರೆಯವರನ್ನು ಹುಡುಕಲು ನಮಗೆ ದಿನ ಬೇಕು, ಅದಕ್ಕೇ 23ರ ಗಡುವು. ಎರಡೂ ಆಗದಿದ್ದರೆ 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯಡಿ ಪುಣೆಯ ಜಿಲ್ಲಾ ಗ್ರಾಹಕ ಆಯೋಗಕ್ಕೆ ಹೋಗುತ್ತೇವೆ. ನಿಮಗೆ ಮಾನ್ಯತೆ ಕೊಟ್ಟ ಮಂಡಳಿಗೂ ಒಪ್ಪಂದ, ರಸೀದಿ, 34ನೇ ಪುಟದ ಪ್ರತಿ ಕಳಿಸುತ್ತೇವೆ. ಅಷ್ಟು ದೂರ ಹೋಗಲು ನಮಗೆ ಮನಸ್ಸಿಲ್ಲ.

ನಿಮ್ಮವರು ಊರಿಗೆ ಹೋಗುವ ದಿನ ಮೊದಲೇ ತಿಳಿಸಿ. ತಮ್ಮ ಕುಷ್ಟಗಿ ಬಸ್ ನಿಲ್ದಾಣಕ್ಕೆ ಬಂದು ಕರೆದುಕೊಂಡು ಹೋಗುತ್ತಾನೆ. ಉಳಿಯಲು ನಮ್ಮ ಮನೆ ಇದೆ. ಬಾವಿಗೆ ಇಳಿಯಲು ಹಗ್ಗ, ಬ್ಯಾಟರಿ ಅವನ ಹತ್ತಿರವೇ ಇವೆ.

ಇಂತಿ,
ಪುಣೆಯಲ್ಲಿರುವ ನಮ್ಮೂರ 41 ಮನೆಗಳ ಪರವಾಗಿ,
ಭೋಸರಿ, ಪುಣೆ

ಲಗತ್ತು: ಒಪ್ಪಂದದ ಪ್ರತಿ, ಮುಂಗಡದ ರಸೀದಿ, ವರದಿಯ 34ನೇ ಪುಟ, ಬಾವಿಯ ಬಿಳಿ ಪಟ್ಟೆಯ ಎರಡು ಫೋಟೊ