ಅಶ್ವಗಂಧದ ಫಾರ್ವರ್ಡ್ ಬಗ್ಗೆ

ಎಲ್ಲರಿಗೂ ನಮಸ್ಕಾರ. 'ಅಶ್ವಗಂಧ ತಿಂದರೆ ಮೂರೇ ದಿನದಲ್ಲಿ ಆತಂಕ ಮಾಯ' ಅನ್ನುವ ಮೆಸೇಜ್ ನಮ್ಮ ಡೊಂಬಿವಲಿ ಗುಂಪಿಗೆ ಈ ವಾರ ನಾಲ್ಕು ಸಲ ಬಂದಿದೆ. ದಯವಿಟ್ಟು ಮುಂದೆ ಕಳಿಸಬೇಡಿ.

ಅಶ್ವಗಂಧದಲ್ಲಿ ಏನೂ ಇಲ್ಲ ಅಂತಲ್ಲ. ಬೇರಿನ ಸಾರ ಕೊಟ್ಟು ನೋಡಿದ ಕೆಲವು ಸಣ್ಣ ಪರೀಕ್ಷೆಗಳಲ್ಲಿ ಆತಂಕ ಸ್ವಲ್ಪ ತಗ್ಗಿದೆ. ಆದರೆ ಅವು ವಾರಗಟ್ಟಲೆ ನಡೆದವು, ಮೂರು ದಿನದ್ದಲ್ಲ. ಥೈರಾಯ್ಡ್, ಸಕ್ಕರೆ ಕಾಯಿಲೆ ಅಥವಾ ನಿದ್ದೆಗೆ ಮಾತ್ರೆ ತಗೊಳ್ಳುವವರು ಡಾಕ್ಟರನ್ನು ಕೇಳದೆ ಮುಟ್ಟಬೇಡಿ. ಗರ್ಭಿಣಿಯರಿಗಂತೂ ಬೇಡವೇ ಬೇಡ. ಅಪರೂಪಕ್ಕೆ ಲಿವರ್‌ಗೆ ತೊಂದರೆ ಆದದ್ದೂ ಇದೆ. ಡೆನ್ಮಾರ್ಕ್ 2023ರಲ್ಲಿ ಇದನ್ನು ನಿಷೇಧಿಸಿತು. 'ಗಿಡಮೂಲಿಕೆ ತಾನೇ, ಏನಾಗುತ್ತೆ' ಅನ್ನಬೇಡಿ.

ಮನಸ್ಸಿಗೆ ಒಳ್ಳೆಯದು ಅಂತ ಹೀಗೇ ಹೇಳುವ ಬ್ರಾಹ್ಮಿಯದು ಬೇರೆಯೇ ಗೊಂದಲ. ನಮ್ಮ ಕಡೆ ಎಷ್ಟೋ ಜನ ಒಂದೆಲಗವನ್ನೇ ಬ್ರಾಹ್ಮಿ ಅನ್ನುತ್ತಾರೆ. ಬ್ರಾಹ್ಮಿ ಮಾತ್ರೆಗಳಲ್ಲಿ ಹೆಚ್ಚಾಗಿ ಇರುವುದು ನೀರುಬ್ರಾಹ್ಮಿ. ಎರಡೂ ಬೇರೆ ಗಿಡ. ಮುಂಬೈನ ಮಾಟುಂಗಾ ಮಾರ್ಕೆಟ್‌ನಲ್ಲಿ ಒಂದೆಲಗ ಸಿಕ್ಕರೆ ಧಾರಾಳವಾಗಿ ತಂಬುಳಿ ಮಾಡಿ ಉಣ್ಣಿ (ನನಗೂ ಒಂದು ಲೋಟ ಇಡಿ!). ಆದರೆ ಅದು ಊಟ, ಚಿಕಿತ್ಸೆ ಅಲ್ಲ.

ಬೆಳಗಿನ ಲೋಕಲ್ ರೈಲು ನೆನೆದರೇ ಎದೆ ಡವಡವ ಅನ್ನುವುದು ನನಗೂ ಗೊತ್ತು. ಅದು ದಿನಾ ಆಗುತ್ತಿದ್ದರೆ, ನಿದ್ದೆ ಕೆಟ್ಟಿದ್ದರೆ, ಡಾಕ್ಟರನ್ನು ನೋಡಿ. ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ 14416 ಉಚಿತ, ಹಗಲು ರಾತ್ರಿ ಇರುತ್ತದೆ, ಕನ್ನಡದಲ್ಲೂ ಮಾತಾಡಬಹುದು. ಈಗಾಗಲೇ ನಡೆಯುತ್ತಿರುವ ಮಾತ್ರೆ ಇದ್ದರೆ ನೀವಾಗಿಯೇ ನಿಲ್ಲಿಸಬೇಡಿ.

ಗುಂಪಿನಲ್ಲಿ ಬರೆಯಲು ಸಂಕೋಚ ಆದರೆ ನನಗೇ ಮೆಸೇಜ್ ಹಾಕಿ.