ಗೆಳೆಯನಿಗೊಂದು ಪತ್ರ: ಭಗತ್ ಸಿಂಗ್ ಮತ್ತು ದೇವರು

ಪ್ರಿಯ ಗೆಳೆಯ,

ಭಗತ್ ಸಿಂಗ್ ದೇವರನ್ನು ನಿರಾಕರಿಸಿದ್ದು ಬಿಸಿರಕ್ತದ ಹುಮ್ಮಸ್ಸಿನಲ್ಲಿ, ಇನ್ನಷ್ಟು ವರ್ಷ ಬದುಕಿದ್ದರೆ ಆತನೂ ಆಸ್ತಿಕನಾಗುತ್ತಿದ್ದ ಎಂದು ನೀನು ಬರೆದಿರುವೆ. ನಿನ್ನ ದೈವಭಕ್ತಿಯ ಬಗ್ಗೆ ನನಗೆ ಗೌರವವಿದೆ; ಆದರೆ ಈ ಮಾತನ್ನು ಒಪ್ಪಲಾರೆ. ಆತನಿಗೆ ದಕ್ಕದೇ ಹೋದ ವರ್ಷಗಳನ್ನು ನೆಪವಾಗಿಸಿಕೊಂಡು, ಆತ ಯೋಚಿಸಿ ತಲುಪಿದ ನಿಲುವನ್ನು ಅಳಿಸಿಹಾಕುವುದು ನ್ಯಾಯವಲ್ಲ.

ಆತ ನಂಬಿಕೆಯ ಗಂಧವೇ ಇಲ್ಲದ ಮನೆಯಿಂದ ಬಂದವನಲ್ಲ. ಅಜ್ಜ ಅರ್ಜುನ್ ಸಿಂಗ್ ನಿಷ್ಠಾವಂತ ಆರ್ಯಸಮಾಜಿ, ಅಂದರೆ ವೇದಗಳನ್ನು ನಂಬುವ ಸುಧಾರಣಾ ಪಂಥದವರು. ಲಾಹೋರಿನ ಡಿ.ಎ.ವಿ. ಶಾಲೆಯ ವಿದ್ಯಾರ್ಥಿನಿಲಯದಲ್ಲಿದ್ದಾಗ ಬೆಳಗು ಬೈಗಿನ ಪ್ರಾರ್ಥನೆಯ ಜೊತೆಗೆ ಗಂಟೆಗಟ್ಟಲೆ ಗಾಯತ್ರಿ ಮಂತ್ರ ಜಪಿಸುತ್ತಿದ್ದುದಾಗಿ ಆತನೇ ಬರೆದುಕೊಂಡಿದ್ದಾನೆ. ನ್ಯಾಷನಲ್ ಕಾಲೇಜಿಗೆ ಬಂದು ಧರ್ಮಗಳ ಬಗ್ಗೆ ಚರ್ಚಿಸತೊಡಗಿದ ಮೇಲೂ ಆತ ಆಸ್ತಿಕನಾಗಿಯೇ ಉಳಿದಿದ್ದ. ಮುಂದೆ ಆತ ಸೇರಿದ ಕ್ರಾಂತಿಕಾರಿ ಪಕ್ಷದ ಹಿರಿಯರಲ್ಲಿಯೂ ಸಚೀಂದ್ರನಾಥ ಸನ್ಯಾಲರಂಥವರಿಗೆ ದೇವರಲ್ಲಿ ಅಚಲ ವಿಶ್ವಾಸವಿತ್ತು.

1925ರ ಆಗಸ್ಟ್‌ನಲ್ಲಿ ನಡೆದ ಕಾಕೋರಿ ಪ್ರಕರಣದ (ಪಕ್ಷದವರು ರೈಲು ತಡೆದು ಸರ್ಕಾರಿ ಹಣ ದೋಚಿದ ಘಟನೆ) ನಂತರ ನಾಯಕರು ಸೆರೆಯಾಗಿ, ಪಕ್ಷದ ಭಾರ ಎಳೆಯರ ಹೆಗಲಿಗೆ ಬಿತ್ತು. ವಿರೋಧಿಗಳ ವಾದಗಳಿಗೆ ಉತ್ತರಿಸಬೇಕು, ತನ್ನ ಮಾರ್ಗವನ್ನು ಸಮರ್ಥಿಸಿಕೊಳ್ಳಬೇಕು ಎಂಬ ಹಂಬಲದಿಂದ ಆತ ಓದತೊಡಗಿದ. ಅರಾಜಕತಾವಾದಿ ಚಿಂತಕ ಬಕುನಿನ್, ಮಾರ್ಕ್ಸ್, ಲೆನಿನ್ ಇವರೆಲ್ಲರ ಓದು ಮುಗಿಯುತ್ತಾ ಬಂದ 1926ರ ಕೊನೆಯ ಹೊತ್ತಿಗೆ, ಜಗತ್ತನ್ನು ಸೃಷ್ಟಿಸಿ ನಡೆಸುವ ಸರ್ವಶಕ್ತನೊಬ್ಬನಿದ್ದಾನೆ ಎಂಬ ಮಾತಿಗೆ ಆಧಾರವಿಲ್ಲವೆಂದು ಆತನಿಗೆ ಮನವರಿಕೆಯಾಗಿತ್ತು.

ಹುಮ್ಮಸ್ಸಿನ ನಾಸ್ತಿಕತೆಯಾಗಿದ್ದರೆ ಅದು 1927ರ ಮೇ ತಿಂಗಳಲ್ಲೇ ಕರಗಿಹೋಗಬೇಕಿತ್ತು. ಲಾಹೋರಿನಲ್ಲಿ ಆತನನ್ನು ಬಂಧಿಸಿದ ಪೊಲೀಸರು ನೇಣಿನ ಭಯ ತೋರಿಸಿ, ಸಂಗಾತಿಗಳ ವಿರುದ್ಧ ಹೇಳಿಕೆ ಕೊಡುವಂತೆ ಒತ್ತಾಯಿಸಿದರು. ಅವರಲ್ಲೇ ಕೆಲವರು ದಿನಕ್ಕೆರಡು ಬಾರಿ ದೇವರನ್ನು ಪ್ರಾರ್ಥಿಸುವಂತೆಯೂ ಬೋಧಿಸಿದರು. ನೆಮ್ಮದಿಯ ದಿನಗಳಲ್ಲಷ್ಟೇ ನಾನು ನಾಸ್ತಿಕನೋ, ಕಷ್ಟದಲ್ಲಿಯೂ ನಾಸ್ತಿಕನೋ ಎಂದು ಆತ ತನ್ನನ್ನೇ ಕೇಳಿಕೊಂಡ. ಬಹಳ ಯೋಚಿಸಿ, ಪ್ರಾರ್ಥಿಸದಿರಲು ನಿರ್ಧರಿಸಿದ.

ನಾಸ್ತಿಕತೆ ಅಹಂಕಾರದ ಫಲ ಎಂಬ ಮಾತು ಆಗಲೂ ಇತ್ತು, ಕೆಲವು ಸ್ನೇಹಿತರೇ ಅದನ್ನು ಆಡಿದ್ದರು. ಅದಕ್ಕೆ ಉತ್ತರವಾಗಿ ಆತ 1930ರ ಅಕ್ಟೋಬರಿನಲ್ಲಿ, ಲಾಹೋರ್ ಪಿತೂರಿ ಮೊಕದ್ದಮೆಯಲ್ಲಿ ಸೆರೆಯಲ್ಲಿದ್ದು, ವಾರದೊಳಗೆ ತೀರ್ಪು ಬರಲಿದೆ, ಅದು ಏನೆಂದೂ ಗೊತ್ತಿದೆ ಎಂಬಂಥ ಹೊತ್ತಿನಲ್ಲಿ, 'ನಾನೇಕೆ ನಾಸ್ತಿಕ' ಎಂಬ ಪ್ರಬಂಧ ಬರೆದ. ಅದರಲ್ಲಿ ನನ್ನನ್ನು ಹೆಚ್ಚು ಕಾಡುವುದು ದೇವರ ವಿರುದ್ಧದ ವಾದಗಳಲ್ಲ. ನಂಬಿಕೆಯು ಕಷ್ಟವನ್ನು ಹಗುರ ಮಾಡುತ್ತದೆ, ನಂಬದವನು ತನ್ನ ಕಾಲ ಮೇಲೆ ತಾನೇ ನಿಲ್ಲಬೇಕಾಗುತ್ತದೆ ಎಂದು ಆತ ಮುಚ್ಚುಮರೆಯಿಲ್ಲದೆ ಒಪ್ಪಿಕೊಳ್ಳುವ ಭಾಗವದು. ಆಸ್ತಿಕ ಹಿಂದೂವಿಗೆ ಮರುಜನ್ಮದ ಆಸೆಯಿದೆ, ಮುಸಲ್ಮಾನನಿಗೂ ಕ್ರೈಸ್ತನಿಗೂ ಸ್ವರ್ಗದ ಆಸೆಯಿದೆ. ತನಗೆ ಮಾತ್ರ ಕುಣಿಕೆ ಬಿಗಿದ ಆ ಗಳಿಗೆಯೇ ಕೊನೆಯದು ಎಂಬುದನ್ನು ಅರಿತು ಬರೆದವನು ಆತ. ಕೈಗೆಟಕುವಂತಿದ್ದ ಸಾಂತ್ವನವನ್ನು ಬೆಲೆ ತಿಳಿದೂ ಬಿಟ್ಟುಕೊಟ್ಟವನನ್ನು ಅಹಂಕಾರಿ ಎನ್ನಲು ನನಗೆ ಮನಸ್ಸು ಬರುವುದಿಲ್ಲ.

ಹಾಗೆಂದು, ನಂಬಿದವರನ್ನು ಹೇಡಿಗಳೆಂದು ಹೀಯಾಳಿಸಲು ಆತನ ಹೆಸರನ್ನು ಬಳಸುವವರ ಜೊತೆಗೂ ನಾನಿಲ್ಲ. ಕಾಕೋರಿ ಪ್ರಕರಣದಲ್ಲಿ 1927ರ ಡಿಸೆಂಬರಿನಲ್ಲಿ ಗಲ್ಲಿಗೇರಿದ ನಾಲ್ವರೂ ಕೊನೆಯ ದಿನವನ್ನು ಪ್ರಾರ್ಥನೆಯಲ್ಲಿ ಕಳೆದರೆಂದು ಭಗತ್ ಸಿಂಗನೇ ಬರೆಯುತ್ತಾನೆ. ರಾಮಪ್ರಸಾದ್ ಬಿಸ್ಮಿಲ್ ಕಟ್ಟಾ ಆರ್ಯಸಮಾಜಿ, ಅಶ್ಫಾಕ್ ಉಲ್ಲಾ ಖಾನ್ ಶ್ರದ್ಧಾವಂತ ಮುಸಲ್ಮಾನ. ಸಮಾಜವಾದವನ್ನು ಆಳವಾಗಿ ಓದಿದ್ದ ರಾಜೇಂದ್ರ ಲಾಹಿರಿಯವರಿಗೂ ಗೀತೆ, ಉಪನಿಷತ್ತುಗಳನ್ನು ಪಠಿಸುವ ಹಂಬಲವನ್ನು ಹತ್ತಿಕ್ಕಲಾಗಲಿಲ್ಲ. ಬಿಸ್ಮಿಲ್ ಮತ್ತು ಅಶ್ಫಾಕ್ ಇಬ್ಬರೂ ಪ್ರಾರ್ಥನೆಯ ರೀತಿ ಬೇರೆಯಾಗಿದ್ದರೂ ಒಂದೇ ಪಕ್ಷದಲ್ಲಿದ್ದು, ಒಂದೇ ದಿನ, ಡಿಸೆಂಬರ್ 19ರಂದು, ಗೋರಖಪುರ ಮತ್ತು ಫೈಜಾಬಾದಿನ ಜೈಲುಗಳಲ್ಲಿ ಪ್ರಾಣ ಕೊಟ್ಟರು. ಅವರ ನಂಬಿಕೆಯನ್ನು ಅವರ ಧೈರ್ಯದಿಂದ ಬೇರ್ಪಡಿಸಿ ನೋಡಲು ನಾನು ಯಾರು? ಅದೇ ಕಾರಣಕ್ಕೆ, 23ನೆಯ ವಯಸ್ಸಿಗೇ ನೇಣಿಗೇರಿದ ಭಗತ್ ಸಿಂಗನ ಅಪನಂಬಿಕೆಯನ್ನೂ ಆತನ ಧೈರ್ಯದಿಂದ ಬೇರ್ಪಡಿಸಬೇಡ ಎಂದು ನಿನ್ನನ್ನು ಕೇಳುತ್ತಿದ್ದೇನೆ.

ಆ ಪ್ರಬಂಧದ ಕೊನೆಯಲ್ಲಿ ಒಬ್ಬ ಸ್ನೇಹಿತನ ಪ್ರಸ್ತಾಪ ಬರುತ್ತದೆ. ಕೊನೆಯ ದಿನಗಳಲ್ಲಿ ನೀನೂ ನಂಬತೊಡಗುವೆ ಎಂದು ಆತ ಹೇಳಿದ್ದನಂತೆ. ನೀನು ಬರೆದಿರುವುದೂ ಹೆಚ್ಚುಕಡಿಮೆ ಅದನ್ನೇ. ಭಗತ್ ಸಿಂಗ್ ಅವನಿಗೆ ಕೊಟ್ಟ ಉತ್ತರವನ್ನು ಓದಿ, ನಿನಗೆ ಏನನ್ನಿಸಿತೆಂದು ನನಗೆ ಬರೆ.

ಇಂತಿ,
ನಿನ್ನ ಗೆಳೆಯ